ಅವ್ವನ ಜೊತೆ ಕಡಲಿಗೆ ಇಳಿದದ್ದು: ತೊಡ್ಡೂ ದ್ವೀಪದಲ್ಲಿ ಐದು ರಾತ್ರಿ

ನಮ್ಮ ಅವ್ವನಿಗೆ ಈಗ ಅರವತ್ತಾರು. ಚಿತ್ತಾಪುರ ತಾಲೂಕಿನವಳು, ಸನ್ನತಿ ಹತ್ತಿರದ ಹಳ್ಳಿ. ಅವಳು ಕಂಡ ದೊಡ್ಡ ನೀರು ಅಂದ್ರೆ ಭೀಮಾ ನದಿ. ಕಲಬುರಗಿಗೆ ನನ್ನ ಮನೆಗೆ ಬಂದಾಗ ಸಂಜೆ ಅಪ್ಪನ ಕೆರೆ ದಂಡೆಯಲ್ಲಿ ಕೂತು ಬರುತ್ತಾಳೆ, ಅಷ್ಟೇ. ಸಮುದ್ರ ನೋಡಬೇಕು ಅಂತ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಟಿವಿಯಲ್ಲಿ ಕಡಲು ಬಂದರೆ ಕೈಯಲ್ಲಿದ್ದ ಮೊರ ಕೆಳಗಿಡುತ್ತಿದ್ದಳು. ಅದನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತಾ ಬಂದಿದ್ದೆ.

ಗೋಕರ್ಣಕ್ಕೋ ಮಲ್ಪೆಗೋ ಕರೆದುಕೊಂಡು ಹೋಗಬಹುದಿತ್ತಲ್ಲ ಅಂತ ಎಲ್ಲರೂ ಕೇಳಿದರು. ಹೋಗಬಹುದಿತ್ತು. ಆದರೆ ನಾನು ಕಾಲೇಜಿನಲ್ಲಿದ್ದಾಗ ಗೋಕರ್ಣದಲ್ಲಿ ಒಂದು ಅಲೆ ನನ್ನನ್ನು ಕೆಡವಿ, ಮರಳಿನ ಮೇಲೆ ಉರುಳಿಸಿತ್ತು. ಅವ್ವನಿಗೆ ಮೊಣಕಾಲು ನೋವು. ಅಂಥ ಅಲೆಯಲ್ಲಿ ಅವಳು ನಿಲ್ಲೋದಿಲ್ಲ, ದಂಡೆಯಲ್ಲೇ ಕೂತುಬಿಡುತ್ತಾಳೆ. ನನಗೆ ಅವಳು ನೀರಿಗೆ ಇಳಿಯಬೇಕಿತ್ತು. ಮಾಲ್ದೀವ್ಸ್ ಮನಸ್ಸಿಗೆ ಬಂದದ್ದು ಆ ಕಾರಣಕ್ಕೆ. ಅಲ್ಲಿಯ ದ್ವೀಪಗಳ ಸುತ್ತ ಹವಳದ ದಿಬ್ಬದ ಗೋಡೆ ಇರುತ್ತದೆ. ಹೊರಗಿನ ದೊಡ್ಡ ಅಲೆ ಆ ಗೋಡೆಗೆ ಬಡಿದು ಅಲ್ಲೇ ಒಡೆಯುತ್ತದೆ. ಗೋಡೆಯಿಂದ ಒಳಗೆ, ದಂಡೆಯವರೆಗೆ, ನೀರು ನಮ್ಮ ಕೆರೆಯ ಹಾಗೆ ಶಾಂತವಾಗಿರುತ್ತದೆ.

ಮೊದಲು ಊರಿನ ಒಬ್ಬ ಏಜೆಂಟರ ಹತ್ತಿರ ಹೋದೆವು. ಅವರು ರೆಸಾರ್ಟ್ ಪ್ಯಾಕೇಜ್ ತೋರಿಸಿದರು. ಅವ್ವ, ನಾನು, ನನ್ನ ಗಂಡ, ಮೂವರಿಗೆ ನಾಲ್ಕೂವರೆ ಲಕ್ಷ. ಬೇರೆ ದಾರಿಯೇ ಇಲ್ಲ ಅಂದರು. ಬೇರೆ ದಾರಿ ಇದೆ. ಮೊದಲೆಲ್ಲ ಅಲ್ಲಿ ಪ್ರವಾಸಿಗರು ರೆಸಾರ್ಟ್ ದ್ವೀಪದಲ್ಲೇ ಉಳಿಯಬೇಕಿತ್ತು. 2009ರ ನಂತರ ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅನುಮತಿ ಸಿಕ್ಕಿದೆ. ಇಂಥ ದ್ವೀಪದಲ್ಲಿ ಮದ್ಯ ಸಿಗೋದಿಲ್ಲ. ಈಜುಡುಗೆ ಹಾಕುವವರಿಗೆ ಬೇರೆಯೇ ಬೀಚ್ ಇರುತ್ತದೆ. ಉಳಿದ ಕಡೆ ಮೈತುಂಬ ಬಟ್ಟೆ ಇರಬೇಕು. ಕೆಲವರಿಗೆ ಇದು ಕಿರಿಕಿರಿ ಅನಿಸಬಹುದು. ಅವ್ವನಂಥವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿಯ ಹೆಂಗಸರೂ ಪೂರ್ತಿ ಬಟ್ಟೆಯಲ್ಲೇ ನೀರಿಗೆ ಇಳಿಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ.

ಮಾಫುಷಿ ದ್ವೀಪ ಎಲ್ಲರಿಗೂ ಗೊತ್ತು, ರಾಜಧಾನಿ ಮಾಲೆಗೆ ಹತ್ತಿರ. ನಾನು ತೊಡ್ಡೂ ಆರಿಸಿದೆ. ಕಾರಣ ಒಂದೇ: ತೊಡ್ಡೂದಲ್ಲಿ ಕಲ್ಲಂಗಡಿ ಬೆಳೆಯುತ್ತಾರೆ. ಆ ದೇಶಕ್ಕೆಲ್ಲ ಕಲ್ಲಂಗಡಿ, ಪಪ್ಪಾಯಿ ಕೊಡುವ ಊರು ಅದು. ಬರೀ ನೀರು ನೋಡಿದರೆ ಅವ್ವನಿಗೆ ಎರಡು ದಿನಕ್ಕೆ ಬೇಜಾರಾಗುತ್ತದೆ. ಹೊಲ ಕಂಡರೆ ಎಷ್ಟು ದಿನ ಬೇಕಾದರೂ ಇರುತ್ತಾಳೆ.

ಪಾಸ್‌ಪೋರ್ಟಿಗೆ ಕಲಬುರಗಿಯಲ್ಲೇ ಅರ್ಜಿ ಕೊಟ್ಟೆವು. ಅವ್ವನಿಗೆ ಜನನ ಪ್ರಮಾಣಪತ್ರ ಇಲ್ಲ. ಅವಳ ವಯಸ್ಸಿನವರಿಗೆ ಅದೇ ಬೇಕು ಅಂತೇನಿಲ್ಲ, ಹುಟ್ಟಿದ ದಿನಾಂಕಕ್ಕೆ ಪ್ಯಾನ್ ನಡೆಯುತ್ತದೆ. ತೊಂದರೆ ಆದದ್ದು ಹೆಸರಿನಲ್ಲಿ. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗ್, ಪ್ಯಾನಿನಲ್ಲಿ ಇನ್ನೊಂದು. ತಿದ್ದಿಸಲು ಒಂದೂವರೆ ತಿಂಗಳು ಹೋಯಿತು. ಆದ್ದರಿಂದ ಮೊದಲು ಹೆಸರು ಸರಿಮಾಡಿಸಿ, ಆಮೇಲೆ ಅರ್ಜಿ ಹಾಕಿ. ಮಾಮೂಲಿ ಶುಲ್ಕ 1500 ರೂಪಾಯಿ. ಅರವತ್ತು ದಾಟಿದವರು ಮೊದಲ ಸಲ ಮಾಡಿಸುವಾಗ ಶೇ 10 ರಿಯಾಯಿತಿ ಇದೆ. ಹತ್ತನೇ ಕ್ಲಾಸ್ ಪಾಸಾಗದಿದ್ದರೆ ಹೊರಗೆ ಬಿಡೋದಿಲ್ಲ ಅಂತ ಯಾರೋ ಅವ್ವನನ್ನು ಹೆದರಿಸಿದ್ದರು. ಅದು ಕೆಲವು ದೇಶಗಳಿಗೆ ದುಡಿಯಲು ಹೋಗುವವರ ಮಾತು. ತಿರುಗಾಡಲು ಹೋಗುವವರಿಗೆ ಆ ತಡೆ ಇಲ್ಲ.

ವೀಸಾಕ್ಕೆ ಖರ್ಚಿಲ್ಲ, ಇಳಿದ ಮೇಲೆ ಕೊಡುತ್ತಾರೆ. ಮರಳಿ ಬರುವ ಟಿಕೆಟ್, ಉಳಿಯುವ ರೂಮಿನ ಬುಕಿಂಗ್ ಕೈಯಲ್ಲಿ ಇರಬೇಕು. ಇಮುಗಾ ಅನ್ನುವ ಒಂದು ಫಾರಂ ಇದೆ. ಇಳಿಯುವ ಮೊದಲಿನ 96 ಗಂಟೆಯೊಳಗೆ ಅದನ್ನು ಮೊಬೈಲಿನಲ್ಲಿ ತುಂಬಬೇಕು. ದುಡ್ಡು ಕೇಳುವ ನಕಲಿ ಪುಟಗಳೂ ಇವೆ, ನೋಡಿಕೊಳ್ಳಿ. ಅಸಲಿ ಫಾರಂ ಪುಕ್ಕಟೆ.

ತೊಗರಿ ರಾಶಿ ಮುಗಿಯದೆ ಅವ್ವ ಮನೆ ಬಿಡುವವಳಲ್ಲ. ಅದಕ್ಕೇ ಜನವರಿ ಕೊನೆಯ ವಾರ ಇಟ್ಟುಕೊಂಡೆವು. ಅಲ್ಲಿಗೂ ಅದೇ ಒಳ್ಳೆಯ ಕಾಲ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ನೀರು ತಿಳಿ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರು. ಒಂದು ದಿನ ತಂಗಿ ಮನೆಯಲ್ಲಿ ಉಳಿದೆವು. ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಎರಡೇ ಗಂಟೆ. ಕಲಬುರಗಿಯಿಂದ ಬೆಂಗಳೂರಿಗೇ ಒಂದು ರಾತ್ರಿ ಬೇಕಾಗಿತ್ತಲ್ಲ, ಅವ್ವನಿಗೆ ಪರದೇಶ ಇಷ್ಟು ಹತ್ತಿರ ಅಂತ ನಂಬಿಕೆ ಬರಲಿಲ್ಲ.

ಗಂಟಿನಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಮಾಲ್ದಿ ಇತ್ತು. ಚಂದ್ರಲಾಂಬೆಯ ಪುಟ್ಟ ಹಿತ್ತಾಳೆ ಮೂರ್ತಿ ಮಾತ್ರ ಮನೆಯಲ್ಲೇ ಬಿಟ್ಟೆವು. ಪೂಜೆಯ ಮೂರ್ತಿ ಒಳಗೆ ತರುವ ಹಾಗಿಲ್ಲ ಅಂತ ಅಲ್ಲಿಯ ಕಸ್ಟಮ್ಸ್ ನಿಯಮ. ಇದನ್ನು ಅವ್ವನಿಗೆ ಹೇಗೆ ಹೇಳೋದು ಅಂತ ಎರಡು ದಿನ ಯೋಚಿಸಿದ್ದೆ. ಹೇಳಿದೆ. "ಅವರ ಮನಿ, ಅವರ ಪದ್ಧತಿ. ಮನಸ್ಸಿನಾಗ ಇದ್ದಾಳಲ್ಲ ಬಿಡು ಯವ್ವಾ," ಅಂದಳು.

ಮಾಲೆ ವಿಮಾನ ನಿಲ್ದಾಣವೇ ಒಂದು ದ್ವೀಪ. ಬಾಗಿಲಿನಿಂದ ಹೊರಗೆ ಬಂದರೆ ಎದುರಿಗೇ ಬೋಟುಗಳು. ತೊಡ್ಡೂಗೆ ಸ್ಪೀಡ್ ಬೋಟಿನಲ್ಲಿ ಒಂದೂಕಾಲು ಗಂಟೆ ಹಿಡಿಯಿತು. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಚೆನ್ನಾಗಿ ಕಾಣಲಿ ಅಂತ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಸ್ಪೀಡ್ ಬೋಟಿನ ಮೂತಿ ಎದ್ದೆದ್ದು ಬೀಳುತ್ತದೆ. ಪ್ರತಿ ಏಟೂ ಅವಳ ಬೆನ್ನಿಗೆ. ಅರ್ಧ ದಾರಿಯಲ್ಲಿ ಅವಳ ಮುಖ ನೋಡಿ ನನಗೆ ಅಳು ಬಂತು. ಬೋಟಿನ ಹುಡುಗ ಬಂದು ಕೈಹಿಡಿದು ಹಿಂದೆ, ಎಂಜಿನ್ ಹತ್ತಿರ ಕೂರಿಸಿದ. ಅಲ್ಲಿ ಏಟೇ ಇಲ್ಲ. ವಯಸ್ಸಾದವರು ಇದ್ದರೆ ಮೊದಲೇ ಹೋಗಿ ಹಿಂದಿನ ಸೀಟು ಹಿಡಿಯಿರಿ. ಇನ್ನೊಂದು ಮಾತು, ಮಧ್ಯಾಹ್ನದೊಳಗೆ ಮಾಲೆ ಮುಟ್ಟುವ ವಿಮಾನವನ್ನೇ ನೋಡಿ. ಸಂಜೆಯ ಕೊನೆಯ ಬೋಟ್ ತಪ್ಪಿದರೆ ರಾತ್ರಿ ಮಾಲೆಯಲ್ಲೇ ಕಳೆಯಬೇಕು.

ಮೊದಲ ದಿನ ಅವ್ವ ಸೀರೆಯಲ್ಲೇ ಇಳಿದಳು. ಸೀರೆ ನೀರು ಕುಡಿದು ಭಾರವಾಯಿತು, ನೆರಿಗೆ ಕಾಲಿಗೆ ಸುತ್ತಿಕೊಂಡಿತು. ಎರಡು ಹೆಜ್ಜೆಗೆ ವಾಪಸ್ ಬಂದಳು. ಮರುದಿನ ನನ್ನ ಹತ್ತಿಯ ಚೂಡಿದಾರ, ಉದ್ದ ತೋಳಿನ ಜುಬ್ಬ ಹಾಕಿಸಿದೆ. ಕಾಲಿಗೆ ಹಿಂಬದಿ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಚಪ್ಪಲಿ ಇಲ್ಲದೆ ಇಳಿಯಲೇಬೇಡಿ. ನಮ್ಮ ಮನೆಯವರಿಗೆ ಹವಳದ ತುಂಡು ತಾಗಿ ಪಾದ ಕುಯ್ದುಕೊಂಡಿತು. ಚಿಕ್ಕ ಗಾಯ, ಆದರೆ ಹವಳದ ಗಾಯ ಬೇಗ ಕೀವಾಗುತ್ತದೆ. ಒಳ್ಳೆಯ ನೀರಿನಲ್ಲಿ ತೊಳೆದು, ಮುಲಾಮು ಹಚ್ಚಿ, ಅವರು ಎರಡು ದಿನ ದಂಡೆಯಲ್ಲೇ ಉಳಿದರು.

ಬೆಳಿಗ್ಗೆ ಏಳು ಗಂಟೆ. ನೀರು ಇಳಿದಿತ್ತು, ಮೊಣಕಾಲಿನಷ್ಟು. ಅವ್ವ ನನ್ನ ಎರಡೂ ಕೈ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಮೊಣಕಾಲು, ತೊಡೆ, ಸೊಂಟ. ಕೆಳಗೆ ನೋಡಿದಳು. ಅವಳ ಚಪ್ಪಲಿಯ ಪಟ್ಟಿಯ ಹೊಲಿಗೆ ಕೂಡ ಕಾಣುತ್ತಿತ್ತು. "ತಳ ಕಾಣ್ಲತ್ತದಲ್ಲೇ ಯವ್ವಾ," ಅಂದಳು. ಭೀಮೆಯಲ್ಲಿ ತಳ ಕಾಣೋದಿಲ್ಲ. ಕಾಣದ ನೀರಿಗೆ ಹೆದರಬೇಕು ಅಂತ ಅವಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಇಲ್ಲಿ ಕಾಣುತ್ತಿತ್ತು. ಅವಳ ಬೆರಳು ಸಡಿಲಾದದ್ದು ನನ್ನ ಅಂಗೈಗೆ ತಿಳಿಯಿತು. ಒಂದು ಕೈ ಬಿಟ್ಟಳು. ಆ ಕೈಯಿಂದ ನೀರನ್ನು ಸವರಿದಳು, ರಾಶಿಯ ಕಾಳು ಸವರುವ ಹಾಗೆ.

ಮೂರನೇ ದಿನ ಲೈಫ್ ಜಾಕೆಟ್ ಹಾಕಿಸಿ, ಕಣ್ಣಿಗೆ ಮಾಸ್ಕ್ ಕಟ್ಟಿ, ಮುಖ ನೀರಿಗೆ ಇಡಿಸಿದೆ. ಉಸಿರು ಹಿಡಿದು ಹತ್ತು ಎಣಿಸುವಷ್ಟು ಹೊತ್ತು ಮಾತ್ರ. ಗಿಳಿಮೀನುಗಳು ಹವಳ ಮೇಯುತ್ತಿದ್ದವು. ಹಸಿರು, ನೀಲಿ, ಬಾಯಿ ಥೇಟ್ ಗಿಳಿಯ ಕೊಕ್ಕಿನ ಹಾಗೆ. ಅವು ಹವಳ ಕಚ್ಚುವ ಸಪ್ಪಳ ನೀರೊಳಗೆ ಚೆನ್ನಾಗಿ ಕೇಳುತ್ತದೆ, ಕಟಕಟ ಅಂತ. ಅವ್ವ ಮುಖ ಎತ್ತಿದವಳೇ, "ಖಡಕ್ ರೊಟ್ಟಿ ತಿಂದಂಗ ಸಪ್ಪಳ ಬರ್ಲತ್ತದ!" ಅಂದಳು. ಆ ಮೀನು ತಿಂದ ಹವಳ ಹೊಟ್ಟೆಯಲ್ಲಿ ಪುಡಿಯಾಗಿ ಬಿಳಿ ಮರಳಾಗಿ ಹೊರಗೆ ಬೀಳುತ್ತದೆ. ಅಲ್ಲಿಯ ಬೀಚಿನ ಮರಳಿನಲ್ಲಿ ಬಹಳ ಪಾಲು ಹೀಗೇ ಬಂದದ್ದು. ಬೆಳ್ಳಗಿರುವುದರಿಂದ ಮಧ್ಯಾಹ್ನವೂ ನಮ್ಮ ಕಡೆಯ ನೆಲದ ಹಾಗೆ ಕಾಲು ಸುಡೋದಿಲ್ಲ. ಅವ್ವ ದಂಡೆಯಲ್ಲಿ ಚಿಪ್ಪು, ಹವಳದ ಚೂರು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅವನ್ನು ದೇಶದ ಹೊರಗೆ ಒಯ್ಯುವ ಹಾಗಿಲ್ಲ ಅಂದಾಗ, ಎಲ್ಲಿಂದ ಆರಿಸಿದ್ದಳೋ ಅಲ್ಲಿಗೇ ಹೋಗಿ ಸುರಿದು ಬಂದಳು.

ಅವಳು ಜಾಸ್ತಿ ಹೊತ್ತು ಕಳೆದದ್ದು ಹೊಲದಲ್ಲಿ. ದ್ವೀಪದ ನಡುವೆ ಪೂರಾ ಹೊಲಗಳು. ಮರಳಿನಂಥ ನೆಲದಲ್ಲಿ ಕಲ್ಲಂಗಡಿ ಬಳ್ಳಿ ಸಾಲುಸಾಲು. ಕೆಲಸಕ್ಕೆ ಇದ್ದವರಲ್ಲಿ ಬಾಂಗ್ಲಾದೇಶದವರು ಬಹಳ. ಅವ್ವನಿಗೆ ಇಂಗ್ಲಿಷ್ ಬರೋದಿಲ್ಲ. ಆದರೆ ಕಲಬುರಗಿ ಸೀಮೆಯವಳಿಗೆ ಉರ್ದು ಬಾರದೇ ಇರುತ್ತದಾ? ಅವಳ ಉರ್ದು, ಅವರ ಹಿಂದಿ, ಮಾತು ಸಾಗಿತು. ಗೊಬ್ಬರ ಏನು, ಎಷ್ಟು ದಿನಕ್ಕೆ ಕಾಯಿ, ಬಾವಲಿ ಕಾಟ ಹೇಗೆ ತಡೆಯುತ್ತೀರಿ, ಎಲ್ಲ ಕೇಳಿದಳು. ಒಬ್ಬ ಹುಡುಗ ಬಾವಿ ತೋರಿಸಿದ. ಅವ್ವ ಬಗ್ಗಿ ನೋಡಿ ಅಲ್ಲೇ ಕೂತುಬಿಟ್ಟಳು. ಆಳುದ್ದವೂ ಇಲ್ಲ, ಮೂರು ಮೊಳದಲ್ಲೇ ನೀರು! ನಮ್ಮ ಹೊಲದಲ್ಲಿ ನಾನೂರು ಅಡಿ ಬೋರ್ ಕೊರೆಸಿ ಎರಡು ಸಲ ಬರೀ ಪುಡಿ ಬಂದಿದೆ. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಉಪ್ಪಿರಲಿಲ್ಲ.

ಸುತ್ತ ಉಪ್ಪು ನೀರು, ನಡುವೆ ಸಿಹಿ ನೀರು ಹೇಗೆ? ಮಳೆ ನೀರು ಮರಳಿನಲ್ಲಿ ಇಂಗಿ ಕೆಳಗೆ ಹೋಗುತ್ತದೆ. ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಹಾಗಾಗಿ ನೆಲದೊಳಗೇ ಉಪ್ಪು ನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಕೆನೆ ತೆಳ್ಳಗಿರುತ್ತದೆ. ಪಂಪು ಹಚ್ಚಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬಂದು ಬಾವಿ ಕೆಡುತ್ತದೆ. ಇದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಸುಮ್ನೆ ಇದ್ದಳು. ಆಮೇಲೆ, "ನಾವೂ ಹಂಗೇ ಎಳದೀವಿ," ಅಂದಳು. ಹುಡುಗ ಒಂದು ಕಲ್ಲಂಗಡಿ ಕೊಯ್ದು ಕೈಗಿಟ್ಟ. ದುಡ್ಡು ಬೇಡ ಅಂದ. ಸಂಜೆ ಅವ್ವ ಅವನಿಗೆ ನಾಲ್ಕು ರೊಟ್ಟಿ, ಹಿಂಡಿ ಕೊಟ್ಟು ಬಂದಳು.

ಅದೇ ದ್ವೀಪದಲ್ಲಿ ಹಳೆಯ ಬೌದ್ಧ ಸ್ತೂಪವೊಂದರ ಅವಶೇಷ ಇದೆ. 1958ರಲ್ಲಿ ಅಗೆದಾಗ ಬುದ್ಧನ ವಿಗ್ರಹ, ರೋಮ್ ದೇಶದ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಅಲ್ಲಿಯ ಜನ ಇಸ್ಲಾಂ ಒಪ್ಪಿದ್ದು 1153ರಲ್ಲಿ, ಅದಕ್ಕೂ ಮುಂಚಿನ ಕತೆ ಇದು. ಈಗ ಉಳಿದದ್ದು ಕಲ್ಲಿನ ಗುಪ್ಪೆ, ಗಿಡಗಂಟಿ. ನೋಡಲು ದೊಡ್ಡದೇನಿಲ್ಲ. ಆದರೆ ಅವ್ವನ ತವರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಕನಗನಹಳ್ಳಿ ಸ್ತೂಪ ಇದೆ, ಅಶೋಕನ ಚಿತ್ರ ಕೆತ್ತಿ "ರಾಯ ಅಸೋಕೊ" ಅಂತ ಹೆಸರು ಬರೆದ ಕಲ್ಲು ಸಿಕ್ಕ ಜಾಗ. ಭೀಮಾ ದಂಡೆಗೂ ಈ ಕಡಲ ನಡುವಿನ ಊರಿಗೂ ಒಂದೇ ದೇವರು ಬಂದು ಹೋಗಿದ್ದ ಅಂದೆ. ಅವ್ವ ಚಪ್ಪಲಿ ಬಿಟ್ಟು, ಅಲ್ಲೊಂದು ಕ್ಷಣ ನಿಂತಳು.

ಮಾತಿನಲ್ಲೂ ಗುರುತು ಸಿಗುತ್ತಲೇ ಇತ್ತು. ಅಲ್ಲಿಯ ದಿವೇಹಿ ಭಾಷೆಯಲ್ಲಿ ಭಾನುವಾರ ಆದೀತ್ತ, ಬುಧವಾರ ಬುದ, ಗುರುವಾರ ಬುರಾಸ್ಫತಿ. ರೊಟ್ಟಿಗೆ ರೊಶಿ. ಮರದ ಕೆಳಗೆ ಹಗ್ಗದಲ್ಲಿ ನೇಯ್ದ ಕುರ್ಚಿ ಇರುತ್ತವೆ, ಅದಕ್ಕೆ ಜೋಲಿ ಅನ್ನುತ್ತಾರೆ. ಅವ್ವ ಆ ಜೋಲಿಯಲ್ಲಿ ಕೂತು ದಿನಾ ಸಂಜೆ ಓಣಿಯ ಹೆಂಗಸರ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದಳು.

ಊಟದ ವಿಷಯ ಮೊದಲೇ ಬರೆದು ತಿಳಿಸಿ. ಅಲ್ಲಿ ಬೆಳಗಿನ ತಿಂಡಿಯಲ್ಲೇ ಮೀನು. ಟ್ಯೂನಾ, ತೆಂಗಿನ ತುರಿ, ಈರುಳ್ಳಿ ಕಲಸಿದ ಮಸ್ ಹುನಿಯನ್ನು ರೊಶಿ ಜೊತೆ ತಿನ್ನುತ್ತಾರೆ. ನಾವು ಸಸ್ಯಾಹಾರ, ಸಾರಿನಲ್ಲೂ ಮೀನು ಬೇಡ ಅಂತ ಬುಕ್ ಮಾಡುವಾಗಲೇ ಬರೆದಿದ್ದೆ. ಬೇಳೆ, ಅನ್ನ, ಪಪ್ಪಾಯಿ, ಮೊಸರು ಕೊಟ್ಟರು. ಉಳಿದದ್ದಕ್ಕೆ ನಮ್ಮ ಗಂಟು ಇತ್ತು.

ಖರ್ಚು ಹೇಳಿಬಿಡುತ್ತೇನೆ. ಮೂವರಿಗೆ, ಐದು ರಾತ್ರಿ, ಕಲಬುರಗಿಯಿಂದ ಕಲಬುರಗಿಗೆ, ಒಂದೂವರೆ ಲಕ್ಷದ ಮೇಲೆ ಸ್ವಲ್ಪ. ಅರ್ಧಕ್ಕೆ ಹತ್ತಿರ ವಿಮಾನಕ್ಕೇ ಹೋಯಿತು. ರೂಮಿನ ಬಾಡಿಗೆ ಬಿಟ್ಟು ಹಸಿರು ತೆರಿಗೆ ಅಂತ ಒಬ್ಬರಿಗೆ ದಿನಕ್ಕೆ 6 ಡಾಲರ್ ಕೊಡಬೇಕು. ರೂಮಿನ ದರದಲ್ಲಿ ಇದು, ಜಿಎಸ್‌ಟಿ ಸೇರಿವೆಯಾ ಅಂತ ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ, ಹೊರಡುವ ದಿನ ಲೆಕ್ಕ ಏರಿತು.

ಕೊನೆಯ ಬೆಳಿಗ್ಗೆ ಬೋಟಿಗೆ ಇನ್ನೂ ಎರಡು ಗಂಟೆ ಇತ್ತು. ನಾನು ಬ್ಯಾಗ್ ಕಟ್ಟುತ್ತಿದ್ದೆ. ಅವ್ವ ಕಾಣಲಿಲ್ಲ. ಓಡಿ ಬೀಚಿಗೆ ಹೋದರೆ ಸೊಂಟದ ನೀರಿನಲ್ಲಿ ಒಬ್ಬಳೇ ನಿಂತಿದ್ದಳು, ಸೂರ್ಯನ ಕಡೆ ಮುಖ, ಬೊಗಸೆಯಲ್ಲಿ ನೀರು. ಕರೆಯಲಿಲ್ಲ. ಅವಳು ಹೊರಗೆ ಬರುವವರೆಗೆ ಟವೆಲ್ ಹಿಡಿದು ದಂಡೆಯಲ್ಲಿ ನಿಂತೆ.

ಊರಿಗೆ ಬಂದು ಮೂರನೇ ದಿನಕ್ಕೆ ಚಿಕ್ಕವ್ವ ಮನೆಗೆ ಬಂದಳು, ಆಧಾರ್ ಕಾರ್ಡ್ ಸೆರಗಿನಲ್ಲಿ ಕಟ್ಟಿಕೊಂಡು. ಅವಳ ಹೆಸರೂ ಎರಡು ಥರ ಇದೆ. ಮುಂದಿನ ವಾರ ತಿದ್ದಿಸಲು ಕರೆದುಕೊಂಡು ಹೋಗಬೇಕು.