ಸಾಗವಾನಿಗೆ ಫಿಂಗರ್ ಜಾಯಿಂಟ್: ಕೈ ಉಳಿಸುವ ಸ್ಲೆಡ್ಡು

18 ಮಿಮೀ ಸಾಗವಾನಿ ಹಲಿಗೆಗೆ ರೌಟರ್ ಟೇಬಲ್ ಮೇಲೆ ಫಿಂಗರ್ ಜಾಯಿಂಟ್ ಬರಾಂಗಿಲ್ಲ, ಸಿಬರು ಏಳ್ತದ, ಮ್ಯಾಲೆ ಬೆರಳೂ ಹೋಗ್ತಾವ ಅಂತ ಹುಬ್ಬಳ್ಳಿಯ ಬಡಿಗೇರರು ಹೇಳುತ್ತಲೇ ಇದ್ದರು. ಫಿಂಗರ್ ಜಾಯಿಂಟ್ ಎಂದರೆ ಎರಡು ಹಲಿಗೆಯ ತುದಿಗೆ ಕಚ್ಚು ಹಾಕಿ, ಕೈಬೆರಳು ಹೆಣೆದ ಹಾಗೆ ಕೂಡಿಸುವ ಮೂಲೆ. ರೌಟರ್ ಟೇಬಲ್ ಎಂದರೆ ಬಿಟ್, ಅಂದರೆ ತಿರುಗುವ ಅಲಗು, ಕೆಳಗಿನಿಂದ ಮೇಲಕ್ಕೆ ಚಾಚಿದ ಮೇಜು. ಹಲಿಗೆಯನ್ನು ಹೊತ್ತು ಆ ಮೇಜಿನ ಮೇಲೆ ಜಾರುವ ಸ್ಲೆಡ್ಡು ಮಾಡಿಕೊಂಡ ಮೇಲೆ, ಈಗ ಕಲಘಟಗಿ ತೊಟ್ಟಿಲು ಮಾಡುವವರೂ ಮೆಚ್ಚುವ ಹಾಗೆ ಮೂಲೆಗಳು ಕೊಡತಿಯ ಎರಡು ಏಟಿಗೆ ಕೂಡುತ್ತಿವೆ.

ಅಪಾಯವಿರುವುದು ಬಿಟ್ ಹೊರಬೀಳುವ ಜಾಗದಲ್ಲಿ. ಸ್ಲೆಡ್ಡು ತಳ್ಳಿದಾಗ ಬಿಟ್ ಹಲಿಗೆ ಕೊರೆದು, ಫೆನ್ಸ್ (ಹಲಿಗೆ ಒರಗುವ ಅಡ್ಡ ಪಟ್ಟಿ) ದಾಟಿ ನಮ್ಮ ಕಡೆಗೇ ಬರುತ್ತದೆ. ತಳ್ಳುವ ಹೆಬ್ಬೆರಳು ಇರುವುದೂ ಅಲ್ಲೇ. ಅದಕ್ಕೆ ಫೆನ್ಸಿನ ಹಿಂದೆ 75 ಮಿಮೀ ದಪ್ಪದ ಜಾಲಿ ದಿಮ್ಮಿ ಅಂಟಿಸಿದೆ. ಸ್ಕ್ರೂ ಹಾಕುವುದಾದರೆ ಕೊರೆತದ ಎತ್ತರಕ್ಕಿಂತ 20 ಮಿಮೀ ಮೇಲೆಯೇ ಇರಲಿ. ಬಿಟ್ ದಿಮ್ಮಿಯೊಳಗೆ ಸುಮಾರು 25 ಮಿಮೀ ಹೋದ ಕೂಡಲೇ ಸ್ಲೆಡ್ಡು ನಿಲ್ಲುವಂತೆ ಟೇಬಲ್‌ಗೆ ಅಡ್ಡತಡೆ ಕೊಡಬೇಕು. ಹಿಡಿಕೆಗಳು ಬಿಟ್‌ನಿಂದ ಆಚೀಚೆ 150 ಮಿಮೀ ದೂರ. ಹಲಿಗೆಯನ್ನು ಕೈಯಿಂದ ಹಿಡಿಯುವುದೇ ಬೇಡ, ಟಾಗಲ್ ಕ್ಲ್ಯಾಂಪ್ (ಹಿಡಿಕೆ ಮಡಚಿದರೆ ಬಿಗಿಯುವ ಇಕ್ಕಳ) ಹಿಡಿಯುತ್ತದೆ.

ಕೀಲು, ಅಂದರೆ ಹಾಕಿದ ಕಚ್ಚನ್ನು ಕೂರಿಸಿ ಮುಂದಿನ ಕಚ್ಚಿಗೆ ಅಂತರ ಕೊಡುವ, ಫೆನ್ಸಿನಿಂದ ಚಾಚಿದ ಸಣ್ಣ ತುಂಡು, ಬಿಟ್‌ನ ಬಲಕ್ಕೇ ಇರಬೇಕು. ಟೇಬಲ್ ಕೆಳಗೆ ತೂಗಿದ ರೌಟರ್‌ನ ಬಿಟ್, ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ತಿರುಗುತ್ತದೆ. ಮುಂದಕ್ಕೆ ತಳ್ಳಿದ ಹಲಿಗೆಯನ್ನು ಅದು ಬಲಕ್ಕೆ ನೂಕುತ್ತದೆ. ಕೀಲು ಬಲಕ್ಕಿದ್ದರೆ ಹಲಿಗೆ ಅದಕ್ಕೆ ಒತ್ತಿ ನಿಲ್ಲುತ್ತದೆ. ಎಡಕ್ಕಿದ್ದರೆ ಜಾರುತ್ತದೆ, ಕಚ್ಚು ಅಗಲವಾಗುತ್ತದೆ.

ಅರ್ಧ ಇಂಚಿನ ಕಾರ್ಬೈಡ್ ಬಿಟ್ 12.7 ಮಿಮೀ ಎಂದು ಬರೆದಿದ್ದರೂ ನಂಬಬೇಡಿ. ಬಿಟ್ ಸ್ವಲ್ಪ ತೂರಾಡಿದರೂ ಕಚ್ಚು ಅಗಲ. ಮೊದಲು ರದ್ದಿ ತುಂಡಿಗೆ ಕಚ್ಚು ಹಾಕಿ, ಕೀಲನ್ನು ಅದಕ್ಕೆ ಅರದಿಂದ ಉಜ್ಜಿ ಕೂಡಿಸಿ. ಜಾಲಿ ಕಟ್ಟಿಗೆಯ ಕೀಲು ಬೇಗ ನುಗ್ಗಾಯಿತು, ಕೊನೆಗೆ ಹಿತ್ತಾಳೆ ಪಟ್ಟಿಯದೇ ನಿಂತಿತು. ಗೋಕುಲ ರೋಡಿನ ಕಡೆಯ ಲೇತ್ ಅಂಗಡಿಯಲ್ಲಿ ಇನ್ನೂರು-ಮುನ್ನೂರು ರೂಪಾಯಿ ಆಯಿತು. ಕಚ್ಚಿನಲ್ಲಿ ಕೀಲು ಸಡಿಲವಿದ್ದು ಪ್ರತಿ ಸಲ ಒಂದೇ ಕಡೆಗೆ 0.1 ಮಿಮೀ ಸರಿದರೂ ಜಾಯಿಂಟಿನ ಹತ್ತು ಬೆರಳಿಗೆ ಹತ್ತಿರ ಹತ್ತಿರ 1 ಮಿಮೀ ಕೂಡುತ್ತದೆ.

ಕೀಲಿನ ಎತ್ತರ 6 ಮಿಮೀ ಮೀರಬಾರದು. ಸಾಗವಾನಿಯಲ್ಲಿ 18 ಮಿಮೀ ಒಂದೇ ಸಲ ಕೊರೆದರೆ ಬಿಟ್ ಸುಡುತ್ತದೆ. ನಾನು 7, 14, 18.5 ಎಂದು ಮೂರು ಎತ್ತರದಲ್ಲಿ ಕೊರೆಯುತ್ತೇನೆ. ಕೀಲು ಎತ್ತರವಾಗಿದ್ದರೆ ಮೊದಲ ಸುತ್ತಿನ ಕಚ್ಚು ಅದರ ಮೇಲೆ ಕೂರುವುದೇ ಇಲ್ಲ. 18ರ ಮೇಲಿನ ಹೆಚ್ಚಿನ ಅರ್ಧ ಮಿಮೀ ಆಮೇಲೆ ಉಜ್ಜಿ ತೆಗೆಯಲು.

ಫೆನ್ಸ್ ಎರಡು ಪದರ. ಹಿಂದಿನದು ಗಟ್ಟಿ ನಿಂತಿದ್ದು, ಕೀಲು ಹೊತ್ತ ಮುಂದಿನದು ಎಂ6 (6 ಮಿಮೀ ದಪ್ಪದ) ಬೋಲ್ಟಿನಿಂದ ಸರಿಯುತ್ತದೆ. ಬೋಲ್ಟನ್ನು ಒಂದು ಸುತ್ತು ತಿರುಗಿಸಿದರೆ 1 ಮಿಮೀ, ಕಾಲು ಸುತ್ತು ತಿರುಗಿಸಿದರೆ 0.25. ಜಾಯಿಂಟ್ ಬಿಗಿಯಾದರೆ ಕೀಲನ್ನು ಬಿಟ್ ಕಡೆಗೆ ತನ್ನಿ, ಸಡಿಲಾದರೆ ದೂರ ಸರಿಸಿ. ಅಂಟಿಗಾಗಿ ಕಾಗದದ ದಪ್ಪದಷ್ಟು ಸಂದು ಸಾಕು.

ಹಣ ಹೋದದ್ದು ಎಂಡಿಎಫ್‌ನಲ್ಲಿ, ಅಂದರೆ ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಿಗೆಯಲ್ಲಿ. ಧಾರವಾಡದ ಮಳೆಗಾಲಕ್ಕೆ ಅದರ ಕೆಳ ಅಂಚು ಉಬ್ಬಿ ಫೆನ್ಸಿನ ಚೌಕ ಕೆಟ್ಟಿತು. ಕಟ್ಟಿಗೆಯ ರನ್ನರ್ (ಟೇಬಲ್‌ನ ಕಾಲುವೆಯಲ್ಲಿ ಸ್ಲೆಡ್ಡನ್ನು ಜಾರಿಸುವ ಪಟ್ಟಿ) ಆಷಾಢದಲ್ಲಿ ಸಿಕ್ಕಿಕೊಂಡು ಬೇಸಿಗೆಯಲ್ಲಿ ಸಡಿಲವಾಗುತ್ತಿತ್ತು. ಅಡುಗೆಮನೆಯ ಪ್ಲಾಸ್ಟಿಕ್ ತರಕಾರಿ ಮಣೆ ಸೀಳಿ ರನ್ನರ್ ಮಾಡಿದ ಮೇಲೆ ಆ ತಕರಾರು ಇಲ್ಲ. ಹಾಳಾದದ್ದನ್ನೂ ಹಿಡಿದು ಆರು ಸಾವಿರದ ಆಸುಪಾಸು ಆಯಿತು, ಕೊನೆಗೆ ನಿಂತ ಸ್ಲೆಡ್ಡಿನದ್ದಷ್ಟೇ ಲೆಕ್ಕ ಹಾಕಿದರೆ ಎರಡೂವರೆ ಸಾವಿರ.

ಸಿಬರು ಏಳದಂತೆ ಫೆನ್ಸ್-ಹಲಿಗೆ ನಡುವೆ 6 ಮಿಮೀ ರದ್ದಿ ಪ್ಲೈ ಸಾಕು. ಸೆಟ್ಟಿಂಗ್ ಬದಲಾದಾಗ ಹೊಸದು ಹಾಕಿ. ಬೇವಿನ ಮೇಲೂ ನೋಡಿದೆ, ಅಡ್ಡ ನಾರು ಎದ್ದು ಇಷ್ಟು ಚೊಕ್ಕ ಬರಲಿಲ್ಲ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ಗೆ ಸಾಗವಾನಿ ಬೇಡ, ಅದರೊಳಗಿನ ಸಿಲಿಕಾಕ್ಕೆ ಬಾಯಿ ಬೇಗ ಮೊಂಡಾಗುತ್ತದೆ. ಅಂಟಿಸುವ ಮೊದಲು ಜಾಯಿಂಟಿನ ಬೆರಳುಗಳನ್ನು ಥಿನ್ನರ್‌ನಿಂದ ಒರೆಸಿ, ಸಾಗವಾನಿಯ ಎಣ್ಣೆ ಅಂಟಿಗೆ ಅಡ್ಡ ಬರುತ್ತದೆ.

100 ಮಿಮೀಗಿಂತ ಕಡಿಮೆ ಅಗಲದ ತುಂಡನ್ನು ಈ ಸ್ಲೆಡ್ಡಿಗೆ ಏರಿಸಬೇಡಿ, ಕ್ಲ್ಯಾಂಪ್ ಸರಿಯಾಗಿ ಹಿಡಿಯುವುದಿಲ್ಲ. ಅಗಲ ಹಲಿಗೆಗೆ ಕಚ್ಚು ಹಾಕಿ, ಆಮೇಲೆ ಸೀಳಿಕೊಳ್ಳಿ.