ಕಡಲ ಜೀವಿಯ ವಿಷ ತಗುಲಿದರೆ: ಬಿಸಿನೀರು ಯಾವುದಕ್ಕೆ, ಬ್ಯಾಂಡೇಜ್ ಯಾವುದಕ್ಕೆ?

ಸಮುದ್ರದಲ್ಲಿ ಏನೋ ಚುಚ್ಚಿತು, ಕಾಲು ಉರಿಯುತ್ತಿದೆ. ಒಬ್ಬರು ಬಿಸಿನೀರು ಹಾಕಿ ಅಂತಾರೆ, ಇನ್ನೊಬ್ಬರು ಐಸ್ ಇಡಿ ಅಂತಾರೆ, ಮತ್ತೊಬ್ಬರು ಬಟ್ಟೆ ಬಿಗಿದು ಕಟ್ಟಿ ಅಂತಾರೆ. ಯಾರ ಮಾತು ಕೇಳುವುದು? ಉತ್ತರ ವಿಷದ ರಸಾಯನದಲ್ಲೇ ಇದೆ. ಅದು ಸ್ವಲ್ಪ ಗೊತ್ತಿದ್ದರೆ ಕೈ ತಾನಾಗಿ ಸರಿಯಾದ ಕೆಲಸ ಮಾಡುತ್ತದೆ.

1. ಮೊದಲು ನೀರಿನಿಂದ ಹೊರಗೆ ಕರೆತನ್ನಿ. ಆಂಬುಲೆನ್ಸ್ ಕರೆಯಿರಿ. ಉಸಿರಾಟದ ಮೇಲೆ ಒಂದು ಕಣ್ಣಿಡಿ.

2. ಮೀನಿನ ಮುಳ್ಳು ಚುಚ್ಚಿದ್ದರೆ ಬಿಸಿನೀರು. ಸ್ಟೋನ್‌ಫಿಶ್, ಲಯನ್‌ಫಿಶ್, ತೊರಕೆ ಮೀನು ಈ ಗುಂಪಿನವು. ಸ್ಟೋನ್‌ಫಿಶ್ ಕಲ್ಲಿನ ಹಾಗೇ ಬಿದ್ದಿರುತ್ತದೆ, ಬೆನ್ನ ಮೇಲೆ ಸಾಮಾನ್ಯವಾಗಿ 13 ಮುಳ್ಳು. ಇವುಗಳ ವಿಷ ಬಹುಪಾಲು ಪ್ರೊಟೀನ್, ಅಂದರೆ ಒಂದು ಲೆಕ್ಕದಲ್ಲಿ ಸುತ್ತಿಟ್ಟ ಉದ್ದನೆಯ ದಾರ. ಆ ಸುತ್ತು ಇರುವವರೆಗೆ ಮಾತ್ರ ಅದರ ಆಟ. ಶಾಖ ತಗುಲಿದರೆ ಸುತ್ತು ಬಿಚ್ಚಿಕೊಳ್ಳುತ್ತದೆ.

ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ ಇರಲಿ, ಅದಕ್ಕಿಂತ ಜಾಸ್ತಿ ಬೇಡ. 30ರಿಂದ 90 ನಿಮಿಷ ಅದರಲ್ಲಿ ಮುಳುಗಿಸಿಡಿ. ಬಿಸಿ ಎಷ್ಟಿದೆ ಅಂತ ಮೊದಲು ನಿಮ್ಮ ಕೈ ಅದ್ದಿ ನೋಡಿ. ನೋವಿನಲ್ಲಿರುವ ಕಾಲಿಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟರೂ ಗೊತ್ತಾಗದು. ಆಳವಾಗಿ ನಾಟಿದ ಮುಳ್ಳನ್ನು ಕೀಳಲು ಹೋಗಬೇಡಿ, ಡಾಕ್ಟರು ತೆಗೆಯಲಿ.

3. ಜೆಲ್ಲಿಫಿಶ್ ತಾಗಿದ್ದರೆ ಉಜ್ಜಬೇಡಿ. ಅದರ ಎಳೆಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿರುತ್ತವೆ. ಒಂದೊಂದರೊಳಗೂ ಸುರುಳಿ ಸುತ್ತಿದ ಟೊಳ್ಳು ದಾರ, ಒಳಗೆ ವಿಷ. ಚರ್ಮ ತಾಗಿದ ಕ್ಷಣವೇ ಚೀಲ ಸಿಡಿದು ದಾರ ಚುಚ್ಚಿಕೊಳ್ಳುತ್ತದೆ. ಎಳೆ ಮೈಗೆ ಅಂಟಿಕೊಂಡಾಗ ಸಿಡಿಯದ ಚೀಲಗಳು ಇನ್ನೂ ಎಷ್ಟೋ ಉಳಿದಿರುತ್ತವೆ! ಉಜ್ಜಿದರೂ ಸಿಹಿನೀರು ಸುರಿದರೂ ಅವು ಸಿಡಿಯಬಹುದು. ಮೂತ್ರ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಬರೀ ಸುಳ್ಳು.

ಬಾಕ್ಸ್ ಜೆಲ್ಲಿಫಿಶ್ (ಪೆಟ್ಟಿಗೆಯಾಕಾರದ ಮೈಯ ಜೆಲ್ಲಿಫಿಶ್) ಆಗಿದ್ದರೆ ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿಯಿರಿ. ಅದು ಸಿಡಿಯದ ಚೀಲಗಳನ್ನು ತಡೆಯುತ್ತದೆ. ಆಗಲೇ ಒಳಹೋದ ವಿಷಕ್ಕೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ವಿನೆಗರ್ ಹಾಕಿಯಾಯಿತು ಅಂತ ಸುಮ್ನೆ ಕೂರಬೇಡಿ, ಆ ವಿಷ ಹೃದಯವನ್ನೇ ನಿಲ್ಲಿಸಬಲ್ಲದು.

4. ನೀಲಿ ಉಂಗುರದ ಆಕ್ಟೋಪಸ್ ಕಚ್ಚಿದ್ದರೆ ಅಥವಾ ಕೋನ್ ಶಂಖ (ಶಂಕುವಿನಾಕಾರದ ಚಿಪ್ಪಿನ ಕಡಲ ಬಸವನಹುಳು) ಚುಚ್ಚಿದ್ದರೆ ಬ್ಯಾಂಡೇಜ್. ಇಲ್ಲಿ ಬಿಸಿನೀರು ಕೆಲಸಕ್ಕೆ ಬಾರದು. ಆಕ್ಟೋಪಸ್‌ನ ವಿಷ ಟೆಟ್ರೋಡೋಟಾಕ್ಸಿನ್. 1909ರಲ್ಲಿ ಜಪಾನಿನ ವಿಜ್ಞಾನಿ ಯೋಶಿಜುಮಿ ತಹಾರ ಇಟ್ಟ ಹೆಸರು. ಇದರ ಒಂದು ಅಣುವಿನಲ್ಲಿ 11 ಕಾರ್ಬನ್, 17 ಹೈಡ್ರೋಜನ್, 3 ನೈಟ್ರೋಜನ್, 8 ಆಕ್ಸಿಜನ್, ಅಷ್ಟೇ. ಪ್ರೊಟೀನಿನ ಮುಂದೆ ಇದೊಂದು ಚುಕ್ಕಿ. ಬಿಚ್ಚಿಕೊಳ್ಳಲು ಸುತ್ತೇ ಇಲ್ಲ, ಕುದಿಸಿದರೂ ಜಗ್ಗದು. ಪಫರ್ ಮೀನಿನಲ್ಲಿರುವುದೂ ಇದೇ, ಅದಕ್ಕೇ ಬೇಯಿಸಿದರೂ ಅಪಾಯ ಹೋಗುವುದಿಲ್ಲ. ನರದೊಳಗೆ ಸೋಡಿಯಂ ಹೋಗುವ ಬಾಗಿಲಿಗೆ ಇದರ ಒಂದು ತುದಿ ಬಿರಡೆಯ ಹಾಗೆ ಕೂತುಬಿಡುತ್ತದೆ. ನರದ ಸಂದೇಶ ಅಲ್ಲೇ ನಿಲ್ಲುತ್ತದೆ.

ಕೋನ್ ಶಂಖದ ವಿಷ ಚಿಕ್ಕ ಚಿಕ್ಕ ಪ್ರೊಟೀನ್ ತುಣುಕುಗಳು. ಆದರೆ ಗಂಧಕದ ಕೊಂಡಿಗಳು ಅವನ್ನು ಬಿಗಿಯಾಗಿ ಹಿಡಿದಿರುತ್ತವೆ, ಹಾಗಾಗಿ ಬಿಸಿನೀರಿಗೆ ಸುಲಭಕ್ಕೆ ಬಿಚ್ಚಿಕೊಳ್ಳವು. (ಇವುಗಳಲ್ಲೊಂದನ್ನು ಅನುಸರಿಸಿ ಮಾಡಿದ ಜಿಕೊನೊಟೈಡ್‌ಗೆ 2004ರಲ್ಲಿ ಅಮೆರಿಕ ತೀವ್ರ ನೋವಿನ ಔಷಧಿಯಾಗಿ ಒಪ್ಪಿಗೆ ಕೊಟ್ಟಿತು. ಈ ಸಂಗತಿ ನನಗೆ ಇಂದಿಗೂ ಬೆರಗು.)

ವಿಷ ಮೈಯೆಲ್ಲ ಹರಡುವುದು ನಿಧಾನವಾಗಲಿ ಅಂತ ಬ್ಯಾಂಡೇಜ್ ಕಟ್ಟುವುದು. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಅಥವಾ ಚುಚ್ಚಿದ ಜಾಗದ ಮೇಲೆ ಸುತ್ತಿ, ಆಮೇಲೆ ಇಡೀ ಕೈ ಅಥವಾ ಕಾಲಿಗೆ ಸುತ್ತಿ. ಉಳುಕಿದ ಕಾಲಿಗೆ ಕಟ್ಟುವಷ್ಟು ಬಿಗಿ ಸಾಕು, ರಕ್ತ ನಿಲ್ಲಬಾರದು. ಹಲಗೆಯ ಪಟ್ಟಿ ಕಟ್ಟಿ ಆ ಕೈ ಅಥವಾ ಕಾಲು ಅಲುಗಾಡದಂತೆ ಮಾಡಿ, ನಡೆಸಬೇಡಿ. ಮೀನಿನ ಮುಳ್ಳಿಗೆ ಮಾತ್ರ ಹೀಗೆ ಕಟ್ಟಬೇಡಿ, ನೋವು ಇನ್ನೂ ಹೆಚ್ಚುತ್ತದೆ.

5. ಉಸಿರು ನಿಂತರೆ ನೀವೇ ಉಸಿರು ಕೊಡಿ. ಟೆಟ್ರೋಡೋಟಾಕ್ಸಿನ್‌ಗೆ ಮದ್ದಿಲ್ಲ, ಆದರೆ ದೇಹ ಅದನ್ನು ತಾನೇ ಹೊರಹಾಕುತ್ತದೆ. ಅಲ್ಲಿಯವರೆಗೆ ಬಾಯಿಗೆ ಬಾಯಿಟ್ಟು, ಆಮೇಲೆ ಆಸ್ಪತ್ರೆಯ ಯಂತ್ರದಿಂದ ಉಸಿರು ಸಾಗಬೇಕು. ನಾಡಿ ಸಿಗದಿದ್ದರೆ ಎದೆ ಒತ್ತಿ. ಟೆಟ್ರೋಡೋಟಾಕ್ಸಿನ್ ಏರಿದವರ ಕಣ್ಣು ಅಲುಗುವುದಿಲ್ಲ, ಬೆರಳು ಮಿಸುಕುವುದಿಲ್ಲ, ನೋಡಿದವರು ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಒಳಗೆ ಅವರಿಗೆ ಪೂರ್ತಿ ಎಚ್ಚರ ಇರಬಹುದು, ಸುತ್ತಲಿನ ಪ್ರತಿ ಮಾತೂ ಕೇಳಿಸುತ್ತಿರಬಹುದು. ಹತ್ತಿರ ಕೂತು ಹೆಸರು ಹಿಡಿದು ಮಾತಾಡಿಸಿ. ಆಂಬುಲೆನ್ಸ್ ಬರುತ್ತಿದೆ, ನಾನು ಇಲ್ಲೇ ಇದ್ದೇನೆ ಅಂತ ಹೇಳುತ್ತಲೇ ಇರಿ.