ಕೆಳಗಿನ ಸೆಟ್ ಪಳಗಿಸಿದ್ದು

ಹಲ್ಲಿನ ಸೆಟ್ ಹಾಕಿಸಿಕೊಂಡ ಮೊದಲ ವಾರ ನಾನು ಮಾತಾಡಿದ್ದಕ್ಕಿಂತ ಜೊಲ್ಲು ನುಂಗಿದ್ದೇ ಜಾಸ್ತಿ. ಬಾಯಿಗೆ ಅದು ಸೆಟ್ ಅಂತ ಗೊತ್ತಿಲ್ಲ, ತಿನ್ನೋಕೆ ಏನೋ ಬಂತು ಅಂದುಕೊಳ್ಳುತ್ತದೆ. ಕೆಲವು ದಿನಕ್ಕೆ ತಾನಾಗೇ ಸರಿಹೋಯಿತು. 'ಸ' ಅಂದರೆ ಸೀಟಿ ಹೊಡೆಯುತ್ತಿತ್ತು. ದಿನಾ ಪೇಪರ್ ಜೋರಾಗಿ ಓದಿ ಅದನ್ನು ಕಳೆದುಕೊಂಡೆ.

ಮೇಲಿನ ಸೆಟ್ ಬೇಗ ಒಗ್ಗಿತು. ಅದು ಅಂಗುಳವನ್ನೆಲ್ಲ ಮುಚ್ಚುತ್ತದಲ್ಲ, ನಡುವಿನ ಜೊಲ್ಲಿನ ತೆಳು ಪದರವೇ ಹಿಡಿದುಕೊಳ್ಳುತ್ತದೆ. ಗೋಳು ಹೊಯ್ದುಕೊಂಡಿದ್ದು ಕೆಳಗಿನದು. ಕುದುರೆ ಲಾಳದ ಆಕಾರ, ಕೂರಲು ಜಾಗ ಕಮ್ಮಿ, ಸಾಲದ್ದಕ್ಕೆ ನಾಲಿಗೆ ಬೇರೆ ಎತ್ತಿ ಎತ್ತಿ ಹಾಕುತ್ತದೆ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಮೇಲೇಳುತ್ತಿತ್ತು. ತುತ್ತು ಚಿಕ್ಕದು ಮಾಡಿ ಎರಡೂ ಕಡೆ ಅಗಿಯುವುದನ್ನು ಕಲಿತ ಮೇಲೆ ಹಿಡಿತ ಸಿಕ್ಕಿತು.

ಅಷ್ಟರಲ್ಲಿ ನಾಲಿಗೆ ಪಕ್ಕ ಒಸಡಿನಲ್ಲಿ ಹುಣ್ಣಾಯಿತು. ಸೆಟ್ ತೆಗೆದಿಟ್ಟು, ಮೂರು ದಿನ ಬಿಟ್ಟು ಡಾಕ್ಟರ ಹತ್ತಿರ ಹೋದೆ. ಹುಣ್ಣು ಮಾಯವಾಗಿತ್ತು! 'ಹುಣ್ಣೇ ಕಾಣದಿದ್ದರೆ ಸೆಟ್ಟನ್ನು ಎಲ್ಲಿ ಅಂತ ಉಜ್ಜಲಿ? ಹಿಂದಿನ ದಿನ ಪೂರ್ತಿ ಹಾಕಿಕೊಂಡು ಬನ್ನಿ' ಎಂದು ವಾಪಸ್ ಕಳಿಸಿದರು. ಮತ್ತೆ ಹೋದಾಗ ಸೆಟ್‌ನ ಒಳಮೈಗೆ ಬಿಳಿ ಪೇಸ್ಟ್ ಸವರಿ ಬಾಯಿಗಿಟ್ಟು ಒತ್ತಿದರು. ತೆಗೆದು ನೋಡಿದರೆ ಒಂದು ಕಡೆ ಮಾತ್ರ ಪೇಸ್ಟ್ ಅಳಿಸಿ ಗುಲಾಬಿ ಬಣ್ಣ ಕಾಣುತ್ತಿತ್ತು, ಕಡಲೆಕಾಳಿನಷ್ಟು ಜಾಗ. ಒಸಡಿಗೆ ಒತ್ತುತ್ತಿದ್ದುದು ಅಲ್ಲೇ. ಅಷ್ಟನ್ನೇ ಉಜ್ಜಿದರು. ಮನೆಯಲ್ಲಿ ನಾನೇ ಅರ ಹಿಡಿದು ಕೂರುವುದರಲ್ಲಿದ್ದೆ. ಕೂತಿದ್ದರೆ ಖಂಡಿತ ತಪ್ಪು ಜಾಗ ಕೆರೆಯುತ್ತಿದ್ದೆ.

ತೊಳೆಯುವುದು ದೊಡ್ಡ ಕೆಲಸವೇನಲ್ಲ. ಸಿಂಕ್‌ನಲ್ಲಿ ಒದ್ದೆ ಟವೆಲ್ ಹಾಸುತ್ತೇನೆ, ಜಾರಿ ಬಿದ್ದರೆ ಒಡೆಯಬಾರದಲ್ಲ. ಮೆತ್ತನೆ ಬ್ರಷ್, ಸ್ವಲ್ಪ ಸೋಪು ಸಾಕು. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ, ಆ ಗೀರಿನಲ್ಲೇ ಕೊಳೆ ಕೂರುತ್ತದೆ. ಬಿಸಿನೀರಂತೂ ಬೇಡವೇ ಬೇಡ, ಸೊಟ್ಟಗಾಗುತ್ತದೆ. ರಾತ್ರಿ ತೆಗೆದು ತಣ್ಣೀರಿನ ಡಬ್ಬಿಯಲ್ಲಿ ಇಡುತ್ತೇನೆ. ಒಸಡಿಗೂ ಉಸಿರಾಡಲು ಬಿಡಬೇಕು ಅಲ್ವಾ. ಒಸಡು, ನಾಲಿಗೆಯನ್ನೂ ಮೆತ್ತಗೆ ಉಜ್ಜುತ್ತೇನೆ.

ಈಚೆಗೆ ಕೆಳಗಿನದು ಮತ್ತೆ ಸಡಿಲವಾಗಿತ್ತು. ಸೆಟ್ ಹಾಗೇ ಇದೆ, ದವಡೆಯ ಮೂಳೆ ಕರಗುತ್ತಾ ಬರುತ್ತದೆ. ಸುಮ್ನೆ ಹಲ್ಲಿನ ಸೆಟ್‌ಗೆಂದೇ ಸಿಗುವ ಅಂಟು ಹಚ್ಚಿಕೊಂಡು ಕೆಲವು ತಿಂಗಳು ದೂಡಿದೆ, ಆಮೇಲೆ ಒಳಮೈಗೆ ಹೊಸ ಪದರ ಹಾಕಿಸಿದೆ. ಈಗ ಗಟ್ಟಿಯಾಗಿ ಕೂತಿದೆ, ಬಲಗಡೆ ಚೂರು ಚುಚ್ಚುತ್ತಿದೆ. ನಾಳೆ ತೋರಿಸಬೇಕು. ಅದಕ್ಕೇ ಇವತ್ತು ನೋವಾದರೂ ತೆಗೆಯದೆ ಕೂತಿದ್ದೇನೆ.